ಶುಕ್ರವಾರದ ಎಮ್ಮೆ

ಗದಗಿನ ದತ್ತಾತ್ರಿ ಮಾಸ್ತರರು ಭಾಲ್ಕಿಯ ಸಾಲೆಗೆ ನೌಕರಿಗೆ ಬಂದದ್ದು ಪರದೇಶಕ್ಕೆ ಬಂದಂತೆಯೇ. ನಿಜಾಮರ ರಾಜ್ಯದಲ್ಲಿ ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ರಜೆ ಶುಕ್ರವಾರ. ಅವರು ಹರಕು ಉರ್ದುವಿನಲ್ಲಿ ಲೆಕ್ಕ ಕಲಿಸಲು ಹೊರಟರೆ ಹುಡುಗರು ಲೆಕ್ಕ ಬಿಟ್ಟು ಅವರ ಬಾಯಿಯನ್ನೇ ನೋಡುತ್ತಿದ್ದರು. ವಾರವಿಡೀ ಹೀಗೆ ನೋಡಿಸಿಕೊಂಡವರಿಗೆ ಶುಕ್ರವಾರವಾದರೂ ತಾವೇ ಏನನ್ನಾದರೂ ನೋಡಬೇಕೆನಿಸಿದರೆ ತಪ್ಪೇನು? ಬೆಳಿಗ್ಗೆ ಎದ್ದು ನಡೆದುಬಿಡುತ್ತಿದ್ದರು. ಕೆಂಪು ಮಣ್ಣಿನ ದಿಬ್ಬಗಳು, ಸೀತಾಫಲದ ಪೊದೆಗಳು, ಮಾಂಜ್ರಾ ಹೊಳೆಯ ದಂಡೆಯ ಹುಲ್ಲಿನಲ್ಲಿ ತಲೆಯೆತ್ತಿ ನಿಂತ ಜಿಂಕೆ.

ಆದರೆ ಆ ಸೀಮೆಯಲ್ಲಿ ಸುಮ್ಮನೆ ನಡೆಯುವವರು ಯಾರೂ ಇರಲಿಲ್ಲ. 'ಎತ್ತ ಹೊಂಟೀರಿ?' ಎಂದರೆ 'ಸುಮ್ನ' ಎನ್ನುವವನು ಹೊಲ ಅಳೆಯಲು ಬಂದವನು, ಇಲ್ಲವೇ ಗೂಢಚಾರ. ನಲವತ್ತೇಳರಲ್ಲಿ ಗಡಿ ಬಿಗಿಯಾದ ಮೇಲಂತೂ, ಹಕ್ಕಿ ನೋಡುತ್ತ ನಿಂತ ಮಾಸ್ತರರನ್ನು ಬೀದರಿನ ಪೊಲೀಸನೊಬ್ಬ ಸಂಜೆಯವರೆಗೆ ಚೌಕಿಯಲ್ಲಿ ಕೂಡಿಸಿದ. ಬಿಡಿಸಿ ತಂದವರು ಅದೇ ಸಾಲೆಯಲ್ಲಿ ನೌಕರಿಗಿದ್ದ ಉಸ್ಮಾನ ಮಿಯಾ.

"ಎಮ್ಮಿ ಕಳದದ ಅನ್ರಿ ಮಾಸ್ತರ. ಎಮ್ಮಿ ಹುಡುಕೋರಿಗಿ ಯಾರೂ ತಡಿಯಂಗಿಲ್ಲ."

"ನನಗ ಎಮ್ಮೀನ ಇಲ್ಲಲ್ರಿ."

"ಅದಕ್ಕ ಸಿಗಂಗಿಲ್ಲ. ಪ್ರತಿ ಶುಕ್ರವಾರ ಹೋಗ್ಬಹುದು."

ಮಾಸ್ತರರು ಹಾಗೆಯೇ ಅನ್ನತೊಡಗಿದರು. ಆದರೆ ಅಲ್ಲಿಯ ರಿವಾಜು ಅವರಿಗೆ ಗೊತ್ತಿರಲಿಲ್ಲ. ದನ ಕಳೆದ ಸುದ್ದಿ ಕೇಳಿದವರು ಅದನ್ನು ಮುಂದಿನ ಊರಿಗೆ ಮುಟ್ಟಿಸಬೇಕು. ಹುಡುಕುವವನನ್ನು ಉಣ್ಣಿಸದೆ ಕಳಿಸಬಾರದು. ಹಲಬರ್ಗಾದ ಕುರಿಗಾರ ಮಡೆಪ್ಪ ಎಮ್ಮೆಯ ಬಣ್ಣ, ಕೊಂಬು ಎಲ್ಲ ಕೇಳಿಕೊಂಡು ಔರಾದ ಸಂತೆಯವರೆಗೂ ಸುದ್ದಿ ಕಳಿಸಿದ. ರೊಟ್ಟಿ, ಪುಂಡಿಪಲ್ಯ ಉಂಡು ಉಂಡು ಮಾಸ್ತರರು ದಪ್ಪಗಾದರು. ನಾಚಿಕೆಯಾಯಿತು, ನಡಿಗೆ ಮಾತ್ರ ಬಿಡಲಿಲ್ಲ.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಇಂಡಿಯಾದ ಫೌಜು ಬಂತು. ಮಾಸ್ತರರ ಪರದೇಶ ಅವರು ಕೂತಲ್ಲೇ ಸ್ವದೇಶವಾಯಿತು. ಆದರೆ ನಿಜಾಮರ ಪರವಾಗಿ ಊರು ಸುಲಿದಿದ್ದ ರಜಾಕಾರರ ಮೇಲಿನ ಸಿಟ್ಟು ಊರೂರಿನಲ್ಲಿ ಏನೂ ಮಾಡದ ಮುಸಲ್ಮಾನರ ಮೇಲೂ ಇಳಿಯಿತು. ತಂಗಿಯ ಮನೆಗೆಂದು ಔರಾದಕ್ಕೆ ಹೋಗಿದ್ದ ಉಸ್ಮಾನ ಮಿಯಾ ತಿರುಗಿ ಬರಲಿಲ್ಲ. ಅವರ ಹೆಂಡತಿ ವಜೀರಬೀ ಬಾಗಿಲ ಮರೆಯಿಂದ ಹೇಳಿದಳು:

"ಭಾಯಿ, ಆ ಕಡಿ ದಾರಿ ನಿಮಗ ಗೊತ್ತವ. ಇದ್ದಾರೋ ಇಲ್ಲೋ, ಅಷ್ಟು ನೋಡಿ ಬರ್ರಿ."

ಮಾಸ್ತರರು ಹೊರಟರು. ಜಿಂಕೆಗಳಿದ್ದವು, ಅವರು ನೋಡಲಿಲ್ಲ. ದಾರಿಯ ಊರೊಂದರಲ್ಲಿ ಸುಟ್ಟ ಮನೆಗಳಿದ್ದವು. ಯಾರ ಹೆಸರು ಎತ್ತಿದರೆ ಯಾರಿಗೆ ಕೇಡೋ ಎಂದು ಎಲ್ಲಿಯೂ ಬಾಯಿ ಬಿಡಲಿಲ್ಲ. ಹೊಳೆದಂಡೆಯಲ್ಲಿ ಕುರಿ ಹಟ್ಟಿ ಹಾಕಿದ್ದ ಮಡೆಪ್ಪನೇ ಕೇಳಿದ.

"ಇನ್ನೂ ಸಿಕ್ಕಿಲ್ಲೇನ್ರಿ?"

"ಎಮ್ಮಿ ಇಲ್ಲೋ ಮಡೆಪ್ಪ. ಎಂದೂ ಇರಲಿಲ್ಲ. ಉಸ್ಮಾನ ಮಿಯಾನ ಹುಡುಕಾಕತ್ತೀನಿ."

ಮಡೆಪ್ಪ ಅವರನ್ನು ದಿಟ್ಟಿಸಿದ. "ಇಲ್ಲದ ಎಮ್ಮಿ ವರ್ಷಪೂರ್ತಿ ಹುಡುಕಿದ್ರಿ. ಈ ಮಾತ ಹ್ಯಾಂಗ ನಂಬಲಿ? ಈಗ ಮನಷ್ಯಾರಿಗಿ ಹುಡುಕೋರು ಎರಡು ಥರ ಅದಾರ."

ಮಾಸ್ತರರು ನೆಲದ ಮೇಲೆ ಕೂತುಬಿಟ್ಟರು. "ಎಲ್ಲಿ ಅಂತ ಹೇಳಬ್ಯಾಡಪಾ. ಇದ್ದಾರ ಅಂತ ಅಷ್ಟ ಹೇಳು. ಅವರ ಮನಿಯಾಕಿಗೆ ತಿಳಿಸಿ ಸುಮ್ನಾಗ್ತೇನಿ."

ಮಡೆಪ್ಪ ಹಟ್ಟಿಯತ್ತ ತಿರುಗಿ ಕರೆದ. "ಬರ್ರಿ, ನಿಮ್ಮವರೇ."

ಕಂಬಳಿ ಹೊದ್ದು ಹೊರಬಂದವರನ್ನು ಮಾಸ್ತರರು ಗುರುತಿಸಲಿಲ್ಲ. ಎದೆಯವರೆಗಿದ್ದ ಗಡ್ಡವನ್ನು ಮಡೆಪ್ಪ ಉಣ್ಣೆಯ ಕತ್ತರಿಯಿಂದ ತೆಗೆದಿದ್ದ. ಗದ್ದದ ತುಂಬ ಗೀರುಗಾಯ. ಉಸ್ಮಾನ ಮಿಯಾ ಅಂಗೈಯಿಂದ ಅದನ್ನು ಮುಚ್ಚಿಕೊಂಡರು.

"ಇದ್ದೀನಿ ಅಂತ ಹೇಳ್ರಿ ಮಾಸ್ತರ. ಹೀಂಗ ಇದ್ದೀನಿ ಅಂತ ಹೇಳಬ್ಯಾಡ್ರಿ. ಗಡ್ಡ ಬಂದ ಮ್ಯಾಲ ಬರ್ತೇನಿ."

ಭಾಲ್ಕಿಯಲ್ಲಿ ವಜೀರಬೀ ಹೊಸ್ತಿಲಲ್ಲೇ ನಿಂತಿದ್ದಳು.

"ಇದ್ದಾರ," ಎಂದರು ಮಾಸ್ತರರು. "ಸ್ವಲ್ಪ ದಿನ ಬಿಟ್ಟು ಬರ್ತಾರ."

"ಸ್ವಲ್ಪ ದಿನ ಯಾಕ?"

"ಕಾಲು ಉಳುಕ್ಯಾದ."

"ಯಾವ ಕಾಲು?"

"ಎಡಗಾಲು."

ಆಕೆ ಅವರ ಮುಖವನ್ನೇ ನೋಡಿದಳು. ಒಳಗೆ ಹೋಗಿ, ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಶೀಸೆಗೆ ತುಂಬಿ ತಂದುಕೊಟ್ಟಳು.

ಮಾಸ್ತರರು ಮರುದಿನವೇ ಅದನ್ನು ಹೊಳೆದಂಡೆಗೆ ಒಯ್ದರು. ಉಸ್ಮಾನ ಮಿಯಾ ಶೀಸೆಯನ್ನು ಮೂಸಿ ನೋಡಿದರು, ಮನೆಯ ಎಣ್ಣೆಯೇ. ಅಂಗೈಗೆ ಸುರುವಿಕೊಂಡು, ಮುಖ ಆಚೆ ತಿರುಗಿಸಿ, ಗದ್ದಕ್ಕೆ ಮೆಲ್ಲಗೆ ಹಚ್ಚಿಕೊಳ್ಳತೊಡಗಿದರು.