ಮುಗಿಯದ ಪುಟ

ಹಗಲು ವಿಮಾ ಕಚೇರಿಯಲ್ಲಿ ದುಡಿಮೆ, ಉಳಿದ ಹೊತ್ತೆಲ್ಲ ಬಿಟ್ಟಿ ಚಾಕರಿ. ಊರ ಉಸಾಬರಿಯೆಲ್ಲ ತನ್ನ ಸೊಸೆಗೇ ಬೇಕು ಎಂದು ಅತ್ತೆ ಗೊಣಗುತ್ತಿದ್ದರು. ಸಣ್ಣ ಆಸ್ಪತ್ರೆಗಳು ಪುಕ್ಕಟೆಯಾಗಿ ಬಳಸುವ ಒಂದು ಸಾಫ್ಟ್‌ವೇರಿನ ಉಸ್ತುವಾರಿಯೇ ಆ ಚಾಕರಿ. ಎಲ್ಲೆಲ್ಲಿಂದಲೋ ಜನ ಕೋಡ್ ಬರೆದು ಕಳಿಸುತ್ತಾರೆ. ಮುಖ್ಯ ಕೋಡ್‌ಗೆ ಯಾವುದು ಸೇರಬೇಕೆಂದು ಹೇಳುವವಳು ಇವಳು. ಎಲ್ಲರ ಬಾಯಲ್ಲೂ 'ಕಾವಲಕ್ಕ'.

ಅರೆಬರೆ ಮಾಡ್ಯೂಲನ್ನು, ಅಂದರೆ ಸಾಫ್ಟ್‌ವೇರಿನ ಮುಗಿಯದ ಭಾಗವನ್ನು, ಹೊರಗೇ ಇಟ್ಟರೆ ಉಳಿದ ಕೋಡ್ ಮುಂದೆ ಹೋಗಿಬಿಡುತ್ತದೆ, ಆಮೇಲೆ ಒಂದಕ್ಕೊಂದು ಕೂಡುವುದೇ ಇಲ್ಲ. ಅದಕ್ಕೇ ಕಾವಲಕ್ಕ ಅಂಥವನ್ನೂ ಒಳಗೆ ಬಿಡುತ್ತಿದ್ದಳು, ಒಂದೇ ಷರತ್ತಿನ ಮೇಲೆ: ಮುಗಿಯುವವರೆಗೆ ಮೆನುವಿನಲ್ಲಿ ಹೆಸರು ಕಾಣಕೂಡದು. ಇದರಲ್ಲಿ ಅವಳು ಯಾರ ಮುಲಾಜಿಗೂ ಬಿದ್ದವಳಲ್ಲ, ಸ್ವಂತ ತಮ್ಮನೊಬ್ಬನನ್ನು ಬಿಟ್ಟು. ಮಗುವಿನ ತೂಕ ಹಾಕಿದರೆ ಔಷಧದ ಪ್ರಮಾಣ ಹೇಳುವ ಮಾಡ್ಯೂಲ್ ಅವನದು. "ಹೆಸರೊಂದು ಕಾಣ್ಲಿ ಅಕ್ಕಾ, ಸ್ವಿಚ್ ಆಫ್ ಇರುತ್ತಲ್ಲ" ಎಂದು ಮುಖ ಸಣ್ಣದು ಮಾಡಿದ್ದ. ಅವಳ ಕರುಳು ಕೇಳಲಿಲ್ಲ, ಹೆಸರು ಮೆನುವಿನಲ್ಲಿ ಕಾಣಲು ಬಿಟ್ಟಳು. 'ಇನ್ನೂ ಮುಗಿದಿಲ್ಲ, ಪ್ರಮಾಣ ಮಿತಿ ಮೀರಿದರೆ ತಡೆಯುವ ಭಾಗ ಬಾಕಿ' ಎಂದು ಕೋಡ್‌ನೊಳಗೆ ಟಿಪ್ಪಣಿ ಹಾಕಿಸಿ ಸುಮ್ಮನಾದಳು. ಕೋಡ್ ಓದುವವರಿಗಷ್ಟೇ ಕಾಣುವ ಟಿಪ್ಪಣಿ.

ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಯಾವುದೋ ಆಸ್ಪತ್ರೆಯ ನರ್ಸಮ್ಮನಿಂದ ಸಂದೇಶ ಬಂತು, ಕೆಳಗೆ ಫೋನ್ ನಂಬರೂ ಇತ್ತು: "ಔಷಧದ ಪುಟ ಆಫ್ ಇತ್ತು, ಬೆಳಿಗ್ಗೆ ನಾವೇ ಆನ್ ಮಾಡಿಕೊಂಡ್ವಿ. ತುಂಬಾ ಅನುಕೂಲ ಆಯ್ತು, ಥ್ಯಾಂಕ್ಸ್."

ಅವಳು ಡಬ್ಬಿ ಅಲ್ಲೇ ಬಿಟ್ಟು ಎದ್ದಳು. ಕಚೇರಿಯ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು.

"ಹಲೋ, ಬೇಗ ಹೇಳಿ, ಕೆಲಸದಲ್ಲಿದೀನಿ."

"ಸಿಸ್ಟರ್, ಆ ಔಷಧದ ಪುಟ ನಂಬಬೇಡಿ! ಅದಿನ್ನೂ ಮುಗಿದಿಲ್ಲ."

"ಏನಂದ್ರಿ? ಈಗಷ್ಟೇ ಅದನ್ನ ನೋಡಿ ಒಂದು ಕೂಸಿಗೆ ಸಿರಿಂಜ್ ತುಂಬಿದೀನಿ."

"ಕೊಟ್ರಾ?"

ಆ ಕಡೆ ಮಗು ಅಳುವುದು ಕೇಳಿಸುತ್ತಿತ್ತು.

"ಇನ್ನೂ ಇಲ್ಲ... ತಡೀರಿ, ಗೋಡೆ ಮೇಲಿನ ಡೋಸ್ ಪಟ್ಟಿ ನೋಡ್ತೀನಿ." ಚಪ್ಪಲಿಯ ಸದ್ದು ದೂರವಾಗಿ ಹತ್ತಿರ ಬಂತು. "ಅಯ್ಯೋ ದೇವ್ರೇ, ಮಿತಿಗಿಂತ ಮೂರು ಪಟ್ಟು ಜಾಸ್ತಿ ಇದೆಯಲ್ರೀ! ಮುಗಿದಿಲ್ಲ ಅಂತ ಅಲ್ಲಿ ಒಂದು ಮಾತು ಬರೀಬಾರದಿತ್ತಾ?"

ಬರೆದಿದ್ದೇನೋ ನಿಜ, ನರ್ಸಮ್ಮನಿಗೆ ಕಾಣದ ಕೋಡ್‌ನೊಳಗೆ. "ತಪ್ಪು ನಂದೇ" ಎಂದಳು ಕಾವಲಕ್ಕ.

ಕೂಡಲೇ ತಮ್ಮನಿಗೆ ಫೋನ್ ಮಾಡಿದಳು. "ನಿನ್ನ ಮಾಡ್ಯೂಲ್ ಮೆನುವಿಂದ ತೆಗೀತಿದೀನಿ ಕಣೋ."

"ಮತ್ತೆ ಶುರು ಮಾಡಿದ್ಯಾ? ನಾನಂದ್ರೆ ಸಸಾರ ನಿನಗೆ" ಎಂದು ಅವನು ಹಾರಾಡಿದ. ಅವಳು ಕೂಸಿನ ವಿಷಯ ಹೇಳಿದಳು.

"ನೀನು ಮುಟ್ಟಬೇಡ ಅಕ್ಕಾ," ಎಂದ ಅವನು. "ನಾನೇ ತೆಗೀತೀನಿ."

ಸ್ವಲ್ಪ ಹೊತ್ತಿಗೆ ಅವನ ತಿದ್ದುಪಡಿ ಬಂತು. ಮೆನುವಿನಲ್ಲಿ ಹೆಸರಿರಲಿಲ್ಲ. ಈಗಾಗಲೇ ಆನ್ ಮಾಡಿಕೊಂಡವರಿಗೆ ಲೆಕ್ಕದ ಬದಲು ಕೆಂಪಕ್ಷರ: 'ಇದು ಮುಗಿದಿಲ್ಲ. ಇದನ್ನು ನಂಬಿ ಯಾವ ಮಗುವಿಗೂ ಔಷಧ ಕೊಡಬೇಡಿ.' ಕೆಳಗೆ ತನ್ನ ಹೆಸರನ್ನೇ ಹಾಕಿದ್ದ.

ಓದುತ್ತಾ ಅವಳ ಕಣ್ಣು ತುಂಬಿತು. ಆದರೂ ಒರೆಸಿಕೊಂಡು, ಹೊರಗಿನವರ ಕೆಲಸವೆಂಬಂತೆ ಸಾಲು ಸಾಲನ್ನೂ ಜಾಲಾಡಿದಳು. ಮೊಬೈಲಿನ ಪರದೆಯಲ್ಲಿ ಎಚ್ಚರಿಕೆಯ ಅರ್ಧ ಮಾತು ಕತ್ತರಿಸಿಹೋಗುತ್ತಿತ್ತು. ಮುಲಾಜಿಲ್ಲದೆ ವಾಪಸ್ ಕಳಿಸಿದಳು. ಅವನು 'ಸರಿ ಅಕ್ಕಾ' ಎಂದಷ್ಟೇ ಬರೆದ. ತಿದ್ದಿದ್ದು ಬಂದು, ಅದನ್ನು ಮುಖ್ಯ ಕೋಡ್‌ಗೆ ಸೇರಿಸಿದ ಮೇಲೆಯೇ ಅವಳು ಊಟದ ಡಬ್ಬಿಗೆ ಕೈ ಹಾಕಿದಳು.