ಸಮುದ್ರದ ಕೊಳವೆಯಲ್ಲಿ ಹರಿಹರದ ರಾಡಿ

ನಸ್ರೀನ್, ನಿನ್ನ ಆಳಸಮುದ್ರದ ಕೆಸರನ್ನು ಹಾಳು ಮಾಡಿದವನು ನಾನು. ಅದಿದ್ದ ಗಾಜಿನ ಕೊಳವೆಯಲ್ಲಿ ಹರಿಹರದ ಹೊಳೆಯ ರಾಡಿ ತುಂಬಿಟ್ಟವನೂ ನಾನೇ — ನಿನ್ನ ಮಾರ್ಗದರ್ಶಕ, ವಿಭಾಗದ ಮುಖ್ಯಸ್ಥ, ನೀನು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ ಮನುಷ್ಯ.

ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇವತ್ತಿಗೂ ಅಷ್ಟಕ್ಕಷ್ಟೇ. ಸಮುದ್ರದ ತಳವೆಂದರೆ ಸತ್ತ ಮಣ್ಣು ಎಂದು ನಾನು ಸೆಮಿನಾರಿನಲ್ಲಿ ಹೇಳಿದಾಗ ನೀನು ಎಲ್ಲರೆದುರು ಎದ್ದೆ. "ಇಲ್ಲ ಸರ್, ಒಂದ್ ಚಮಚ ಕೆಸರಿನಾಗೆ ನೂರಾರು ಜಾತಿ ಜೀವ ಐತೆ. ಆಮ್ಲಜನಕದ ಬದ್ಲು ಸಲ್ಫೇಟ್ ಉಸಿರಾಡಿ ಬದುಕ್ತವೆ. ಅವಕ್ಕೆ ನಮ್ ಗಾಳಿನೇ ವಿಷ." ಹುಡುಗರು ಚಪ್ಪಾಳೆ ತಟ್ಟಿದರು. ನಿನ್ನ ಮಾತು ಸರಿಯಿತ್ತು — ಅದೇ ನನ್ನ ಹೊಟ್ಟೆಯುರಿ.

ಸಂಶೋಧನಾ ಹಡಗಿನವರು ನಿನಗೆ ಕೊಟ್ಟದ್ದು ಒಂದೇ ಒಂದು ಕೊಳವೆ ಕೆಸರು. ಗಾಳಿ ತಾಗದಂತೆ ಬಾಯಿಗೆ ಮೇಣ ಹಾಕಿದ್ದು, ಸದಾ ತಣ್ಣಗಿರಬೇಕಾದ್ದು. ಆಯುಧಪೂಜೆಯ ಹೊತ್ತಿಗೆ ನೀನು ಅಕ್ಕನ ಮದುವೆಗೆಂದು ರಜೆ ಹಾಕಿದ್ದೆ. ಅಲ್ಲಿಂದಲೇ ಫೋನ್. "ಫ್ರಿಜ್ ಒಂದು ಪೂಜೆಗೆ ಬ್ಯಾಡ್ರಿ ಸರ್, ಆಫ್ ಮಾಡಬ್ಯಾಡ್ರಿ." ನನಗೇ ಅಪ್ಪಣೆಯೇ? ಬೇಕಂತಲೇ ಆಫ್ ಮಾಡಿದೆ. ಒಳಗೆಲ್ಲ ತೊಳೆದು, ವಿಭೂತಿ ಎಳೆದು, ಚೆಂಡುಹೂವಿನ ಸರ ಹಾಕಿದೆ. ಒಳಗಿದ್ದ ಕೊಳವೆಯನ್ನು ತೆಗೆದು ಕಿಟಕಿಯಲ್ಲಿಟ್ಟಿದ್ದೆ. ಮಂಗಳಾರತಿ, ಆಮೇಲೆ ಮಂಡಕ್ಕಿ ಮಿರ್ಚಿ ಮುಗಿಸಿ ಬಂದು ನೋಡಿದರೆ ಬಿಸಿಲಿಗೆ ಮೇಣ ಕರಗಿ, ಮುಚ್ಚಳ ಎದ್ದು, ಅರ್ಧ ಕೆಸರು ಹೊರಗೆ ಹರಿದಿತ್ತು. ಕೋಣೆಯ ತುಂಬ ಕೊಳೆತ ಮೊಟ್ಟೆಯ ವಾಸನೆ.

ಹೆದರಿದೆ. ಮರುದಿನ ಊರೆಲ್ಲ ಬನ್ನಿ ಕೊಟ್ಟು ಕೈಮುಗಿಯುತ್ತಿದ್ದರೆ ನಾನು ಸ್ಕೂಟರ್ ಹತ್ತಿ ಹರಿಹರಕ್ಕೆ ಹೋದೆ. ತುಂಗಭದ್ರೆಗೆ ಚರಂಡಿ ಸೇರುವ ಕಡೆ ಕಪ್ಪು ರಾಡಿ — ಅದೇ ಬಣ್ಣ, ಅದೇ ನಾತ. ಉಪ್ಪುನೀರು ಬೆರೆಸಿ ಕೊಳವೆಗೆ ತುಂಬಿ ಹೊಸ ಮೇಣ ಹಚ್ಚಿದೆ. ನೀನು ಬಂದು ಫ್ರಿಜ್ ತೆಗೆದು ನೋಡಿ, "ಥ್ಯಾಂಕ್ಸ್ ಸರ್" ಎಂದೆ.

ಡಿಎನ್‌ಎ ಫಲಿತಾಂಶ ನೋಡಿ ಪರಿಶೀಲನಾ ಸಮಿತಿಯವರು ನಕ್ಕರು. "ಏನಮ್ಮಾ, ಸಮುದ್ರದ ತಳಕ್ಕೆ ಚರಂಡಿ ಕ್ರಿಮಿ ಹೆಂಗೆ ಹೋದ್ವು?" ನೀನು ನನ್ನ ಮುಖ ನೋಡಿದೆ. ಒಂದು ಮಾತು ಸಾಕಿತ್ತು — ನಾನು ಆಡಿದ್ದು ಬೇರೆ. "ಈ ಹುಡುಗಿ ಕೈ ಶುದ್ಧ ಇಲ್ರಿ. ಹೇಳಿ ಹೇಳಿ ಸಾಕಾಗೇತಿ." ಆ ಮಾತು ಬಾಯಿಗೆ ಅಷ್ಟು ಸಲೀಸಾಗಿ ಬರಲು ನಿನ್ನ ಹೆಸರೂ ಕಾರಣವಿತ್ತೋ ಏನೋ — ಇತ್ತು, ಯಾಕೆ ಸುಳ್ಳು ಹೇಳಲಿ. ನಿನ್ನ ಪಿಎಚ್‌.ಡಿ. ನೋಂದಣಿ ರದ್ದಾಯಿತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ; ಮಾಡಿದವನು ನಾನು, ಉಂಡವಳು ನೀನು.

ಹೋದ ವಾರ ಎಂ.ಸಿ.ಸಿ. 'ಬಿ' ಬ್ಲಾಕ್ ಬಡಾವಣೆಯ ರಸ್ತೆಯಲ್ಲಿ ಸಿಕ್ಕೆ. ಮಕ್ಕಳಿಗೆ ಮನೆಪಾಠ ಹೇಳುತ್ತೀಯಂತೆ. ಮತ್ತೆ ಲ್ಯಾಬಿನ ಕಡೆ ಯಾಕೆ ಹೋಗಲಿಲ್ಲ ಎಂದು ನಾನು ಕೇಳಿದೆ — ಕೇಳಲು ನಾಚಿಕೆಯೂ ಆಗಲಿಲ್ಲ ನನಗೆ. "ನನ್ ಕೈಯಾಗೇ ಏನೋ ದೋಷ ಐತೆ ಸರ್. ನಿಮ್ ಹೆಸ್ರೂ ಕೆಡಿಸಿಬಿಟ್ಟೆ, ತಪ್ಪಾತು" ಅಂತ ನೀನು ಅಂದುಬಿಟ್ಟೆ. ಬೈದಿದ್ದರೆ ತಿರುಗಿ ಬೈದು ಮನೆಗೆ ಹೋಗುತ್ತಿದ್ದೆ. ನೀನು ತಪ್ಪಾತು ಅಂದದ್ದಕ್ಕೇ ಪೆನ್ನು ಹಿಡಿದೆ.

ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ ಇವತ್ತು ವಿಶ್ವವಿದ್ಯಾಲಯಕ್ಕೆ ಕಳಿಸಿದ್ದೇನೆ. ಕ್ಷಮೆ ಕೇಳುವುದಿಲ್ಲ; ನೀನು ಕೊಡಲೂ ಬೇಡ. ಸರಸ್ವತಿ ನಗರದ ನನ್ನ ಮನೆಗಂತೂ ಬರಬೇಡ. ಇದೊಂದು ಮಾತ್ರ ತಿಳಿದುಕೋ — ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ.