ನಾನು ಅಳಿಸಿದ ಕೊಂಡಿ

ಪಾಲಿಟೆಕ್ನಿಕ್ಕಿನಲ್ಲಿ ಮೆಷಿನ್ ಡಿಸೈನ್ ಪಾಠ ಮಾಡುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಇಷ್ಟು ವರ್ಷಗಳಲ್ಲಿ ನಾನು ಡಿಸೈನ್ ಮಾಡಿ, ನಿಜವಾಗಿ ರಸ್ತೆಗೆ ಇಳಿದ ವಸ್ತು ಒಂದೇ ಒಂದು. ಅದು ಹನ್ನೊಂದು ದಿನ ಬಾಳಿತು. ಹನ್ನೆರಡನೆಯ ದಿನ ಒಬ್ಬರ ಕೈ ಮುರಿಯಿತು. ಆಮೇಲೆ ಇನ್ನೊಬ್ಬರ ಅಂಗಡಿ ಮುಚ್ಚಿಸಿತು. ನನಗೆ ಮಾತ್ರ ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ನಾನು ಲೆಕ್ಚರರ್.

ಕೈ ಮುರಿದುಕೊಂಡವರು ಶ್ರೀರಾಮನಗರದ ಸುಬ್ಬರಾಜು. ಭತ್ತ ಬೆಳೆಯುವವರು, ನನ್ನ ಹಳೆಯ ಪರಿಚಯ. ಅವರದೊಂದು ಹಳೆಯ ಜೀಪು. ಕಾಲುವೆ ಏರಿ ಇರಲಿ, ಕೆಸರು ಇರಲಿ, ಎಲ್ಲ ಕಡೆ ನುಗ್ಗಬೇಕೆಂದು ಅದಕ್ಕೆ ದಪ್ಪ ಟೈರು, ದೊಡ್ಡ ಎಂಜಿನ್ನು ಹಾಕಿಸಿದ್ದರು. ಎಂಜಿನ್ನಿಗೆ ಬಲ ಬಂತು, ಕೆಳಗೆ ಗಾಡಿಯ ಭಾರ ಹೊರುವ ಕಮಾನ್ ಪಟ್ಟಿಗಳಿಗೆ ಬರಲಿಲ್ಲ. ಕೆಸರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಚಕ್ರ ತಿರುಗುವ ಬದಲು ಹಿಂದಿನ ಹೌಸಿಂಗೇ (ಚಕ್ರಗಳ ಅಚ್ಚು ಇರುವ ಕಬ್ಬಿಣದ ಕವಚ) ತಿರುಚಿಕೊಳ್ಳುತ್ತಿತ್ತು. ಪಟ್ಟಿಗಳು ಬಾಗಿ ಹೊಯ್ದಾಡುತ್ತಿದ್ದವು. ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಶಾಫ್ಟಿನ ಜಾಯಿಂಟ್ ಒಂದೇ ನಾಟಿ ಹಂಗಾಮಿನಲ್ಲಿ ಮೂರು ಸಲ ಮುರಿಯಿತು.

ಇದಕ್ಕೆ ಮದ್ದಿದೆ. ಹೌಸಿಂಗಿನಿಂದ ಮುಂದಿನ ಚಾಸಿಗೆ (ಗಾಡಿಯ ಉಕ್ಕಿನ ಚೌಕಟ್ಟಿಗೆ) ಉದ್ದನೆಯ ಒಂದು ಬಾರ್ ಕೊಟ್ಟು, ಹೌಸಿಂಗು ತಿರುಚಿಕೊಳ್ಳದಂತೆ ತಡೆಯಬೇಕು. ಆ ಕೆಲಸ ಒಪ್ಪಿಕೊಂಡವರು ಗಂಗಾವತಿಯ ವೆಲ್ಡರ್ ಮೌನೇಶಪ್ಪ. ಓದಿದ್ದು ಏಳನೇ ಕ್ಲಾಸು. ಅದಕ್ಕೇ ಸುಬ್ಬರಾಜು ಅವರಿಗೆ ಧೈರ್ಯ ಸಾಲಲಿಲ್ಲ. "ಸರ್, ನೀವೊಮ್ಮೆ ನಿಂತು ನೋಡ್ರಿ" ಎಂದು ನನ್ನನ್ನು ಅಂಗಡಿಗೆ ಕರೆದೊಯ್ದರು.

ಮೌನೇಶಪ್ಪ ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಬಾರನ್ನು ಅಳತೆಗೆ ತಕ್ಕಂತೆ ಬರೆದಿಟ್ಟಿದ್ದರು. ಒಟ್ಟು ಆಕಾರ ಉದ್ದನೆಯ ತ್ರಿಕೋನ. ಹಿಂದೆ ಹೌಸಿಂಗಿಗೆ ಎರಡು ಕಡೆ ಭದ್ರ. ಮುಂದೆ, ಚಾಸಿಯ ಹತ್ತಿರ ಮಾತ್ರ, ಜೋಕಾಲಿಯಂತೆ ತೂಗಾಡುವ ಒಂದು ಸಣ್ಣ ಕೊಂಡಿ.

"ಇದ್ಯಾಕ ಲೂಸ್ ಬಿಟ್ಟೀರಿ?" ಎಂದೆ.

"ಲೂಸ್ ಅಲ್ರಿ ಸರ್. ಗಾಡಿ ಗುಂಡ್ಯಾಗ ಇಳಿದು ಕಮಾನು ಕುಂತಾಗ ಹೌಸಿಂಗು ಬರೇ ಮ್ಯಾಲ ಬರಂಗಿಲ್ಲ, ಒಂಚೂರು ಹಿಂದಕ್ಕೂ ಸರೀತೈತಿ. ಕೊಂಡಿ ಇದ್ರ ಅದಕ್ಕ ದಾರಿ ಸಿಗತೈತಿ. ಕಟ್ಟಿ ಹಾಕಿದ್ರ ಏನರ ಒಂದು ಕಿತ್ತು ಬರತೈತ್ರಿ."

ಸರಿಯಾದ ಮಾತು. ಪುಸ್ತಕದಲ್ಲೂ ಹೀಗೇ ಇದೆ. (ನೋಡಿದ್ದು ಆಮೇಲೆ.) ಆದರೆ ಅವತ್ತು ಪಕ್ಕದಲ್ಲಿ ಸುಬ್ಬರಾಜು ನಿಂತಿದ್ದರು. ನೋಡಲು ಕರೆಸಿದ ದೊಡ್ಡ ಮನುಷ್ಯ ಏನನ್ನೂ ತಿದ್ದದೆ ಹೋದರೆ ಮರ್ಯಾದೆ ಉಳಿಯುತ್ತದೆಯೇ? ನಾಲ್ಕು ಇಂಗ್ಲಿಷ್ ಪದ ಬೆರೆಸಿ, ತ್ರಿಕೋನ ಎಂದರೆ ಅಲುಗಾಡಬಾರದು ಎಂದು ಭಾಷಣ ಬಿಗಿದೆ. ಕೊಂಡಿಯ ಚಿತ್ರವನ್ನು ಬೂಟುಗಾಲಿನಿಂದ ಒರೆಸಿದೆ. "ನೇರ ಚಾಸಿಗೆ ಬೋಲ್ಟ್ ಹಾಕ್ರಿ" ಎಂದೆ.

ಮೌನೇಶಪ್ಪ ಕೈಯಲ್ಲಿದ್ದ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು. "ಹೂಂ ಸರ್, ನೀವು ಹೇಳಿದಂಗ ಆಗಲಿ" ಎಂದರು. ನನ್ನ ವಿದ್ಯೆಗೆ ತಲೆಬಾಗಿದರು ಎಂದು ಉಬ್ಬಿಕೊಂಡು ಮನೆಗೆ ಬಂದೆ.

ಹನ್ನೆರಡನೆಯ ದಿನ ಕಾಲುವೆ ಏರಿಯ ಮೇಲೆ ಜೀಪು ಒಂದು ಗುಂಡಿಗೆ ಇಳಿಯಿತು. ಚಾಸಿಯ ತಗಡು ಹರಿದು, ಬಾರಿನ ಮುಂದಿನ ತುದಿ ಕಳಚಿ ನೆಲಕ್ಕೆ ನಾಟಿಕೊಂಡಿತು. ಜೀಪು ಎಗರಿ ಪಕ್ಕದ ಗದ್ದೆಗೆ ಬಿತ್ತು. ಸುಬ್ಬರಾಜು ಅವರ ಕೈ ಮುರಿಯಿತು, ಜೀವ ಉಳಿದದ್ದು ಕೆಸರಿನ ಪುಣ್ಯ.

ಊರಿಗೆ ಕಾರಣ ತಕ್ಷಣ ಸಿಕ್ಕಿತು. "ಮೌನೇಶನ ವೆಲ್ಡಿಂಗ್ ಕಚ್ಚಾ ಐತಿ." ಚಹದಂಗಡಿಯಲ್ಲಿ ನನ್ನೆದುರೇ ಈ ಮಾತು ನಡೆಯಿತು. ನಾನು ಚಹ ಕುಡಿದೆ. ಮಾಡಿದ್ದು ಅಷ್ಟೇ. ರೈಸ್ ಮಿಲ್ಲಿನವರು ರಿಪೇರಿ ಕಳಿಸುವುದನ್ನು ನಿಲ್ಲಿಸಿದರು, ಟ್ರೇಲರಿನವರು ಬೇರೆ ಕಡೆ ಹೋದರು. ಒಂದು ತಿಂಗಳಲ್ಲಿ ಅಂಗಡಿಯ ಶಟರ್ ಇಳಿಯಿತು. ಮೌನೇಶಪ್ಪ ಈಗ ಇನ್ನೊಬ್ಬರ ಅಂಗಡಿಯಲ್ಲಿ ಕೂಲಿಗೆ ಕಿಟಕಿಯ ಗ್ರಿಲ್ ಬೆಸೆಯುತ್ತಾರೆ.

ನಾಚಿಕೆ ತಡೆಯಲಾಗದೆ ಅಲ್ಲಿಗೇ ಹೋದೆ. "ಅದು ಕಿತ್ತು ಬರತೈತಿ ಅಂತ ನಿಮಗ ಗೊತ್ತಿತ್ತಲ್ರಿ. ಅವತ್ತು ಯಾಕ ಜಗಳಾ ಮಾಡ್ಲಿಲ್ಲ? ಆಮ್ಯಾಲರ ನನ್ನ ಹೆಸರು ಹೇಳಬೇಕಿಲ್ಲೇನು?"

ಅವರು ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನನ್ನ ಮಗಳು ನಿಮ್ಮ ಕಾಲೇಜಿನ್ಯಾಗ ಎರಡನೇ ವರ್ಷ ಅದಾಳ್ರಿ ಸರ್. ಇಂಟರ್ನಲ್ ಮಾರ್ಕ್ಸು ನಿಮ್ಮ ಕೈಯಾಗ ಐತಿ."

ಕೇಳಿದಿರಾ? ಅವರು ತಲೆಬಾಗಿದ್ದು ನನ್ನ ಕೆಂಪು ಪೆನ್ನಿಗೆ. ಆ ಹುಡುಗಿ ಯಾರ ಮಗಳು ಎಂಬುದೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕೊಂಡಿ ಉಳಿಸುತ್ತಿದ್ದೆನೇ? ಇಲ್ಲ, ಸುಳ್ಳು ಯಾಕೆ ಹೇಳಲಿ.

ನಮ್ಮಲ್ಲಿ ಎಷ್ಟು ಕೆಲಸಗಳು ಇಂಥ "ಹೂಂ ಸರ್" ಮೇಲೆ ನಿಂತಿವೆ? ಎಲ್ಲಿ ಬಿರುಕು ಬರುತ್ತದೆಂದು ಗೋಡೆ ಕಟ್ಟುವ ಗೌಂಡಿಗೆ ಗೊತ್ತಿರುತ್ತದೆ. ಯಾವ ರೋಗಿ ತಡೆಯುವುದಿಲ್ಲವೆಂದು ನರ್ಸಮ್ಮನಿಗೆ ಗೊತ್ತಿರುತ್ತದೆ. ಅವರು ಹೂಂ ಅನ್ನುತ್ತಾರೆ. ನಾವು ಅದನ್ನು ಒಪ್ಪಿಗೆ ಎಂದುಕೊಂಡು ಸಹಿ ಹಾಕುತ್ತೇವೆ.

ಹೋದ ಭಾನುವಾರ ಸುಬ್ಬರಾಜು ಅವರ ಮನೆಗೆ ಹೋದೆ. ಇಬ್ಬರು ಮಿಲ್ ಮಾಲೀಕರೂ ಅಲ್ಲಿ ಕೂತಿದ್ದರು. ಒಳ್ಳೆಯದೇ ಆಯಿತು, ಎಲ್ಲರೆದುರು ಹೇಳಿಬಿಡೋಣ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. "ಕೊಂಡಿ ತಗಸಿದಾವ ನಾನು. ತಪ್ಪು ನಂದು. ಅವರ ವೆಲ್ಡಿಂಗ್ ಇನ್ನೂ ಹಂಗ ಐತಿ, ಹರಿದಿದ್ದು ಚಾಸಿ. ಮೌನೇಶಪ್ಪನವರಿಗೆ ಕೆಲಸ ಕೊಡ್ರಿ."

ಸುಬ್ಬರಾಜು ಅವರ ಕಣ್ಣು ತುಂಬಿ ಬಂತು. ಮಿಲ್ಲಿನವರ ಕಡೆ ತಿರುಗಿದರು. "ನೋಡ್ರಿ, ಸರ್‌ದು ಎಂಥಾ ದೊಡ್ಡ ಮನಸು. ಒಬ್ಬ ವೆಲ್ಡರ್‌ನ ಉಳಸಾಕ ಅವನ ತಪ್ಪು ತಮ್ಮ ತಲಿ ಮ್ಯಾಲ ಹಾಕ್ಕೊಳ್ಳಾಕತ್ತಾರ."

ಒಬ್ಬ ಮಾಲೀಕರು ಎದ್ದು ನನಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಒಳಗಿನಿಂದ ಕಾಫಿ ಬಂತು. ಮೌನೇಶಪ್ಪನವರ ಕಡೆಗೆ ಒಂದು ಬೋಲ್ಟಿನ ಕೆಲಸವೂ ಹೋಗಲಿಲ್ಲ.

ಓದಿದವನೂ ತಪ್ಪು ಮಾಡುತ್ತಾನೆ ಎಂದು ಜನರನ್ನು ನಂಬಿಸಲು ನಾನು ಇನ್ನೂ ಎಷ್ಟು ಓದಬೇಕು, ಹೇಳಿ?